ಕಿರುಬೆರಳಿನ ಮೂರು ಗೆಣ್ಣು

ಆ ದಿನ ನಾನು ಅಲ್ಲಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಖಾತ್ರಿಯಿಲ್ಲ.

ತಾಲ್ಲೂಕು ಕಚೇರಿಯ ಹಳೆ ದಾಖಲೆಗಳ ಕೋಣೆ, ಅದರ ಹೊಸ್ತಿಲಿನ ಈಚೆಗೆ ಎರಡು ಕಾಗದ ಹಿಡಿದು ನಿಂತ, ಆ ಕೋಣೆಯ ನೌಕರ ಕಾಕಾ, ಆಚೆಗೆ ಹೂವಿನ ಹಾರ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತ ಜವಾನ ದಸ್ತಗೀರ್. ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ದಸ್ತಗೀರ್ ಈ ಕತೆಯನ್ನು ನನಗೆ ಹತ್ತಾರು ಸಲ ಹೇಳಿದ್ದಾನೆ. ಅವನು ಕಂಡದ್ದನ್ನೇ ನಾನು ಕಂಡೆನೆಂದು ಬರಬರುತ್ತ ಒಳಗೆ ಹಾಕಿಕೊಂಡಿರಬಹುದು. ನನ್ನ ನೆನಪಿನಲ್ಲಿ ಆ ದಿನ ಸಣ್ಣಗೆ ಮಳೆ ಬರುತ್ತಿದೆ. ದಸ್ತಗೀರನನ್ನು ಕೇಳಿದರೆ ನಗುತ್ತಾನೆ.

"ಮಳಿ ಎಲ್ಲಿತ್ರಿ ಸರ್? ಬಿಸಲಿಗಿ ಫರ್ಸಿ ಕಾದು ಅಂಗಾಲು ಸುಡ್ಲಿಕತ್ತಿತ್ತು."

ಇಷ್ಟು ದಿನ ಈ ಅನುಮಾನ ನನ್ನನ್ನು ಕಾಡಿರಲಿಲ್ಲ. ಕಾಡಲು ಶುರುವಾದದ್ದು ಹೋದ ಚಳಿಗಾಲ, ಕಾಕಾ ತೀರಿಕೊಂಡ ಮೇಲೆ. ಚಿಂಚೋಳಿ ತಾಲ್ಲೂಕಿನ ಐನಾಪುರ ಅವರ ಊರು. ನಿವೃತ್ತಿಯ ನಂತರ ಅಲ್ಲೇ ಇದ್ದರು. ಶಿವಗಣಾರಾಧನೆಗೆ ನಾನೂ ದಸ್ತಗೀರನೂ ಬಸ್ಸು ಹಿಡಿದು ಹೋಗಿದ್ದೆವು. ಪ್ರಸಾದವಾದ ಮೇಲೆ ಬೇವಿನ ಮರದ ಕೆಳಗೆ ಕುಳಿತವರೆಲ್ಲ ಅವರ ದೊಡ್ಡತನವನ್ನೇ ಮಾತಾಡುತ್ತಿದ್ದರು. ಅದೇ ಕಚೇರಿಯಲ್ಲಿ ಒಂದು ಕಾಲಕ್ಕೆ ಶಿರಸ್ತೇದಾರರಾಗಿದ್ದವರೊಬ್ಬರು ಅಡಿಕೆ ಅಗಿಯುತ್ತ ಕೇಳುತ್ತ ಕುಳಿತಿದ್ದರು. ಅಡಿಕೆ ಉಗುಳಿ ಮಾತು ತೆಗೆದರು.

"ಭಾಳ ದೊಡ್ಡ ಮನಷ್ಯಾ ಅಂತ ಎಲ್ಲಾರೂ ಅನ್ಲಿಕತ್ತೀರಿ. ಇಲ್ಲ ಅನ್ನಂಗಿಲ್ಲ. ಆದ್ರ ಆ ಪತ್ರ ಕೊಟ್ಟದ್ದು ಯಾವಾಗ? ರಿಟೈರ್ ಆಗೋ ದಿವಸ. ಪೆನ್ಶನ್ ಕಾಗದ ಎಲ್ಲಾ ಆದ ಮ್ಯಾಲ ಖರೇ ಹೇಳ್ಲಿಕ್ಕ ಯಾರಿಗಿ ಏನ್ ತ್ರಾಸ್ರಿ?"

"ಇಲ್ಲ, ನೌಕರಿಗೆ ವಾಪಸ್ ಬಂದ ದಿನವೇ ಕೊಟ್ಟರು. ನಾನು ಅಲ್ಲೇ ಇದ್ದೆ" ಎಂದೆ.

"ನೀವಾ? ನೀವು ಅವತ್ತು ಎಲ್ಲಿದ್ರಿ ಸರ್? ನೀವು ಬಂದದ್ದು ಮರುದಿನ. ನಾನೇ ನಿಮಗ ಚಹಾ ಕುಡಿಸೀನಿ."

ಶಿರಸ್ತೇದಾರರು ಚಹಾ ಕುಡಿಸಿದ್ದು ನನಗೂ ನೆನಪಿತ್ತು.

ಆ ಪತ್ರದಲ್ಲಿ ಏನಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಈಗ ಇಷ್ಟು ಸಾಕು: ಶಿಕ್ಷೆಯಾಗಿ, ವಜಾ ಆಗಿ, ವರ್ಷಗಟ್ಟಲೆ ಕಾದು, ಮೇಲ್ಮನವಿಯಲ್ಲಿ ನಿರ್ದೋಷಿ ಅನ್ನಿಸಿಕೊಂಡು ನೌಕರಿಗೆ ಮರಳಿದ ಮನುಷ್ಯ, ತಾನು ಮಾಡಿದ ಒಂದು ತಪ್ಪನ್ನು ತಾನೇ ಬರೆದುಕೊಟ್ಟ ಪತ್ರ ಅದು. ನೌಕರಿ ಬಿಡುವ ದಿನ ಕೊಟ್ಟಿದ್ದರೆ ಅದು ಒಂದು ಒಳ್ಳೆಯ ಕೆಲಸ. ಸೇರುವ ದಿನ ಕೊಟ್ಟಿದ್ದರೆ ಅದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಒಬ್ಬನೇ ಸಾಕ್ಷಿಯನ್ನು ನಂಬಬೇಡ ಎಂದು. ಆ ಒಬ್ಬ ಸಾಕ್ಷಿ ನಾನೇ ಆದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಕಚೇರಿ ಯಾವುದೆಂದು ಬರೆಯುವುದಿಲ್ಲ. ವಾಡಿಯಿಂದ ಸೇಡಂ ದಿಕ್ಕಿಗೆ ಹೋಗುವ ಗಾಡಿ ಹಿಡಿದರೆ ತಲುಪಬಹುದಾದ ಒಂದು ಕಚೇರಿ ಎಂದುಕೊಳ್ಳಿ. ಅವರ ಹೆಸರನ್ನೂ ಬರೆಯುವುದಿಲ್ಲ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ನಾನು ಮೊದಲು ಅಲ್ಲಿಗೆ ಹೋದದ್ದು, ಕೊನೆಗೂ ಮುಗಿಸದ ನನ್ನ ಸಂಶೋಧನೆಗಾಗಿ. ಕಾಗಿಣಾ ನದಿ ದಂಡೆಯ ಹೊಲಗಳು ನಿಜಾಮರ ಕಾಲದಲ್ಲಿ ಯಾರ ಕೈಯಲ್ಲಿದ್ದವು ಎಂಬುದು ವಿಷಯ. ಆ ಕಾಲದ ವಹಿಗಳೆಲ್ಲ ಉರ್ದುವಿನಲ್ಲಿವೆ, ಅದೂ ಅಕ್ಷರಕ್ಕೆ ಅಕ್ಷರ ಸುತ್ತಿಕೊಂಡ ಅವಸರದ ಕೈಬರಹದಲ್ಲಿ. ಮೇಜಿನ ಗುಮಾಸ್ತ ನನ್ನ ಅರ್ಜಿ ನೋಡಿ ಹೇಳಿದ:

"ಇದು ನಮಗ ಯಾರಿಗೂ ಓದ್ಲಿಕ್ಕ ಬರಲ್ರಿ. ಕಾಕಾ ಬರಬೇಕು."

"ಎಲ್ಲಿದ್ದಾರೆ?"

"ಶಹಾಬಾದದಾಗ ಫರ್ಸಿ ಪಾಲಿಶ್ ಮಾಡ್ಲಿಕತ್ತಾರ."

ಉರ್ದು ವಹಿ ಓದುವವರು ನೆಲಕ್ಕೆ ಹಾಸುವ ಕಲ್ಲು ಉಜ್ಜುತ್ತಿದ್ದಾರೆ ಎಂದರೆ, ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಮುಂದಿನ ಮಂಗಳವಾರ ಬಾ ಎಂದ. ಹೋದೆ. ಕೋಣೆಯ ಹೊರಗೆ, ಹೊಸ್ತಿಲಿಗೆ ತಾಗಿದ ಕಲ್ಲುಹಾಸಿನ ಮೇಲೆ ಉದ್ದನೆಯ ಬಡಕಲು ಮನುಷ್ಯರೊಬ್ಬರು ಕುಳಿತಿದ್ದರು. ಹಣೆಯ ಮೇಲೆ ವಿಭೂತಿ, ಹುಬ್ಬಿನಲ್ಲಿ ಕಲ್ಲಿನ ಪುಡಿ. ಎರಡೂ ಬೆಳ್ಳಗೇ ಇದ್ದುದರಿಂದ ಎಲ್ಲಿ ಯಾವುದು ಮುಗಿಯುತ್ತದೆ ಎಂದು ತಿಳಿಯುತ್ತಿರಲಿಲ್ಲ. ಹೊರಗೇ ಕುಳಿತಿದ್ದರೂ ಚಪ್ಪಲಿ ಬಿಟ್ಟಿದ್ದರು. ದಸ್ತಗೀರ್ ಒಳಗಿನಿಂದ ವಹಿ ತಂದು ಅವರ ಮುಂದೆ ಇಟ್ಟ. ಅವರು ಅದನ್ನು ಮುಟ್ಟಲಿಲ್ಲ. ನನ್ನನ್ನು ನೋಡಿದರು.

"ಮೊದ್ಲ ಒಂದು ಮಾತು ಕೇಳ್ರಿ. ನಾ ವಜಾ ಆದ ನೌಕರ. ಖೋಟಾ ನಕಲು ಕೊಟ್ಟಾನಂತ ಕೋರ್ಟ್ ಶಿಕ್ಷಾ ಕೊಟ್ಟದ. ಅಪೀಲು ನಡದದ. ನಾ ಓದಿದ್ದಕ್ಕ ಸರ್ಕಾರದ ಕಿಮ್ಮತ್ತಿಲ್ಲ. ಇಷ್ಟು ತಿಳಕೊಂಡು ಓದು ಅಂದ್ರ ಓದ್ತೀನಿ."

ನಾಟಕ ಎನ್ನಿಸಿ ನಾನು ನಕ್ಕೆನೇನೋ. ಆಮೇಲೆ ನೋಡಿದರೆ, ಬಂದವರೆಲ್ಲರಿಗೂ ಇದೇ ಮಾತು. ಮೂರನೆಯ ಸಲ ಬಂದ ರೈತನಿಗೂ ಮೊದಲಿನಿಂದ ಹೇಳುತ್ತಿದ್ದರು. ಅವನು "ಗೊತ್ತದ ಬಿಡ್ರಿ ಕಾಕಾ, ಓದ್ರಿ" ಅಂದರೂ ಬಿಡದೆ ಮುಗಿಸಿಯೇ ವಹಿ ತೆರೆಯುತ್ತಿದ್ದರು.

ಪುಟ ತಿರುವಲು ಅವರು ಬೆರಳಿಗೆ ಎಂಜಲು ಹಚ್ಚುತ್ತಿರಲಿಲ್ಲ. ಕಸಬರಿಗೆಯ ಒಂದು ಕಡ್ಡಿಯನ್ನು ತುದಿ ತೀಡಿ ನಯ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ಹಾಳೆಯ ಅಡಿಗೆ ಮೆಲ್ಲಗೆ ತೂರಿಸಿ ಎತ್ತಿದರೆ, ಮುಟ್ಟಿದರೆ ಒಡೆಯುವ ಹಾಳೆ ತಾನಾಗಿ ಮಗ್ಗುಲಾಗುತ್ತಿತ್ತು. ಕಚೇರಿಯಲ್ಲಿ ಯಾವ ಮಾತಿಗೆ ವಾದ ಬಿದ್ದರೂ, ಬಸ್ಸು ಎಷ್ಟು ಗಂಟೆಗೆ ಎಂಬಷ್ಟಕ್ಕೂ, ಅವರದು ಒಂದೇ ಮಾತು: "ಬಾಯಿಮಾತು ಬಿಡು, ಪುಟ ತೆಗಿ."

ಆ ಮೊದಲ ದಿನವೇ ನಾನು ಜಾಣತನ ತೋರಿಸಹೋದೆ. ಅವರು ಒಂದು ನಮೂದು ಓದಿ ತಿಂಗಳು ದೈ, ಫಸಲಿ ಇಷ್ಟು ಎಂದರು. ಫಸಲಿ ಎಂದರೆ ನಿಜಾಮರ ಸರ್ಕಾರದ ಲೆಕ್ಕದ ವರ್ಷ. ನಾನು ಎಲ್ಲೋ ಅಡಿಟಿಪ್ಪಣಿಯಲ್ಲಿ ಓದಿದ್ದನ್ನು ತಟ್ಟನೆ ಹೇಳಿದೆ: "ಐನೂರ ತೊಂಬತ್ತೊಂದು ಕೂಡಿಸಿದರೆ ಇಸವಿ ಬರುತ್ತದೆ."

ಅವರು ತಮ್ಮ ಅಂಗೈ ಬಿಡಿಸಿ ಹಿಡಿದರು.

"ನಾಕು ಬೆರಳಿಗಿ ಹನ್ನೆರಡು ಗೆಣ್ಣು. ಹನ್ನೆರಡು ತಿಂಗಳು. ಕಿರುಬೆರಳಿಂದ ಹಿಡೀರಿ. ಆಜೂರ, ದೈ, ಬಹಮನ್. ಅಂದ್ರ ನಿಮ್ಮ ಅಕ್ಟೋಬರ್, ನವೆಂಬರ್, ಡಿಸೆಂಬರ್. ಫಸಲಿ ಸುರು ಆಗೋದೇ ಇಲ್ಲಿ. ಈ ಮೂರು ಗೆಣ್ಣಿಗಿ ಐನೂರಾ ತೊಂಬತ್ತು. ಜನವರಿ ಬಂತಂದ್ರ ನಿಮ್ಮ ಇಸವಿ ಬದಲಾಗ್ತದ, ಫಸಲಿ ಬದಲಾಗಂಗಿಲ್ಲ. ಅದಕ್ಕ ಉಳದ ಮೂರು ಬೆರಳಿಗಿ ತೊಂಬತ್ತೊಂದು. ಬಹಮನ್ ಕಡೀಗಿ ನಾಕು ದಿನ ಜನವರಿಯಾಗ ಜಾರ್ತಾವ, ಅಲ್ಲಿ ಹುಷಾರ್ ಇರಬೇಕು."

ಹಳೆ ಕಾಲದ ಪಟವಾರಿಯಾಗಿ ಊರ ಜಮೀನಿನ ಲೆಕ್ಕ ಬರೆಯುತ್ತಿದ್ದ ಅವರ ತಂದೆ ದಿನಾ ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಮಗನ ಕೈ ಹಿಡಿದು ಈ ಗೆಣ್ಣುಗಳನ್ನು ಎಣಿಸುತ್ತಿದ್ದರಂತೆ. ಉರ್ದು ಕಲಿಸಿದವರೂ ಅವರೇ. "ಈ ಮೂರು ಗೆಣ್ಣಿಗಿ ನನ್ನ ನೌಕರಿ ಹೋಯ್ತು" ಎಂದು ಕಾಕಾ ಅವತ್ತೇ ಅಂದ ಹಾಗೆ ನನಗೆ ನೆನಪು. ಅಂದಿರಲಾರರು. ಅವರು ಹಾಗೆ ಮಾತಾಡುವವರಲ್ಲ. ಆಮೇಲೆ ನಾನೇ ಅವರ ಬಾಯಿಗೆ ಹಾಕಿರಬೇಕು.

ಮಾತು ಮಾತ್ರ ನಿಜ. ಎರಡು ಮನೆತನಗಳ ನಡುವೆ ಒಂದು ಹೊಲದ ವ್ಯಾಜ್ಯವಿತ್ತು. ಒಬ್ಬರ ಹಕ್ಕು ಹಳೆಯ ವಹಿಯಲ್ಲಿ ದೈ ತಿಂಗಳಲ್ಲಿ ದಾಖಲಾಗಿತ್ತು. ಇನ್ನೊಬ್ಬರ ಬಳಿ ಬೇಸಿಗೆಯಲ್ಲಿ ಆದ ಒಂದು ಪತ್ರವಿತ್ತು. ವಹಿಯ ದೈ ಅಂದರೆ ಆ ಬೇಸಿಗೆಯ ಹಿಂದಿನ ನವೆಂಬರ್ ಆದರೆ ಮೊದಲಿನವರ ಹಕ್ಕು ಹಳೆಯದು. ಮುಂದಿನ ನವೆಂಬರ್ ಆದರೆ ಎರಡನೆಯವರದು. ದಾಖಲೆ ಕೋಣೆಯ ನೌಕರರಾಗಿ ಕಾಕಾ ನಕಲು ಕೊಡುವಾಗ ಐನೂರ ತೊಂಬತ್ತು ಕೂಡಿಸಿ ಬರೆದರು. ಸೋತವರು, ಈ ಮನುಷ್ಯ ಬೇಕೆಂದೇ ಒಂದು ವರ್ಷ ಕಡಿಮೆ ಬರೆದಿದ್ದಾನೆ ಎಂದು ದೂರು ಕೊಟ್ಟರು.

ಅದಕ್ಕೆ ಸಾಕ್ಷಿಯಾಗಿ ನಿಂತದ್ದು ಕೋಣೆಯ ಗೋಡೆಗೆ ತೂಗುಹಾಕಿದ್ದ ಒಂದು ಅಚ್ಚಿನ ಪಟ್ಟಿ. ಯಾರೋ ಅನುಕೂಲಕ್ಕೆಂದು ಮಾಡಿಸಿದ್ದು. ಒಂದೊಂದು ಫಸಲಿಯ ಎದುರಿಗೆ ಒಂದೊಂದೇ ಇಸವಿ, ಎಲ್ಲಕ್ಕೂ ತೊಂಬತ್ತೊಂದರ ಲೆಕ್ಕ. ವರ್ಷದ ಒಂಬತ್ತು ತಿಂಗಳಿಗೆ ಅದು ಸರಿ ಇದ್ದುದರಿಂದ ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ. ಕಾಕಾ ಕಟಕಟೆಯಲ್ಲಿ ನಿಂತು ಕೈ ಚಾಚಿ ಗೆಣ್ಣು ಎಣಿಸಿ ತೋರಿಸಿದರಂತೆ. ಎದುರಿನ ವಕೀಲರು ಕೇಳಿದರಂತೆ: "ಸರ್ಕಾರದ ಪಟ್ಟಿ ಬಿಟ್ಟು ನಿಮ್ಮ ಬೆರಳು ನಂಬಬೇಕೇನ್ರಿ?" ಕೋರ್ಟಿನಲ್ಲಿದ್ದವರೆಲ್ಲ ನಕ್ಕರಂತೆ. ಶಿಕ್ಷೆಯಾಯಿತು. ಮೇಲ್ಮನವಿ ಹಾಕಿದ್ದರಿಂದ ಜೈಲು ತಪ್ಪಿತು, ನೌಕರಿ ಉಳಿಯಲಿಲ್ಲ.

ಆಮೇಲೆ ಆರು ವರ್ಷವೋ ಏಳೋ. ಶಹಾಬಾದಿನ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಫರ್ಸಿಗೆ ಗೆರೆ ಹಾಕುವ, ಪಾಲಿಶ್ ನೋಡುವ ಕೆಲಸ ಸಿಕ್ಕಿತು. ಮಂಗಳವಾರ ಕೆಲಸಕ್ಕೆ ರಜೆ. ಆ ದಿನ ರೈಲು ಹಿಡಿದು, ತನ್ನನ್ನು ಹೊರಹಾಕಿದ ಕಚೇರಿಗೇ ಬಂದು, ಹೊಸ್ತಿಲಿನ ಹೊರಗೆ ಕುಳಿತು ವಹಿ ಓದುತ್ತಿದ್ದರು. ಅವರು ಹೇಳಿದ್ದನ್ನು ಶಿರಸ್ತೇದಾರರು ಬರೆದುಕೊಂಡು, ತಮ್ಮ ಸಹಿ ಹಾಕಿ ನಕಲು ಕೊಡುತ್ತಿದ್ದರು. ಕಚೇರಿಗೆ ಅದು ಅನುಕೂಲ. ಒಂದು ಮಂಗಳವಾರ ಹೊರಗೆ ಬಿಸಿಲು ಕುದಿಯುತ್ತಿದ್ದಾಗ ದಸ್ತಗೀರ್, "ಒಳಗ ಫ್ಯಾನ್ ಅದ, ಬರ್ರಿ ಕಾಕಾ, ಯಾರ್ ನೋಡ್ತಾರ" ಎಂದದ್ದಕ್ಕೆ, "ನಾ ನೋಡ್ತೀನಲ್ಲೋ" ಎಂದು ಅಲ್ಲೇ ಕುಳಿತರು. ನೀರು ಕೂಡ ಮನೆಯಿಂದ ತಂದದ್ದೇ.

ಗೇಟಿನ ಹತ್ತಿರ ಅರ್ಜಿ ಬರೆಯುವವನೊಬ್ಬ ಇದ್ದ. ಅವರು ಬಂದ ಕೂಡಲೇ ಕೆಣಕುತ್ತಿದ್ದ.

"ಏನ್ ಕಾಕಾ, ಇವತ್ತ ಯಾರ್ದು ವರ್ಷ ಕಡಿಮಿ ಮಾಡ್ಲಿಕ್ಕ ಬಂದೀರಿ?"

"ನಿಂದೇ ಮಾಡ್ಲೇನೋ? ಇನ್ನೂ ಕನ್ಯಾ ನೋಡ್ಲಿಕತ್ತಾರಂತ ಕೇಳೀನಿ."

ಸುತ್ತಲಿದ್ದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅವರು ನಗದೆ ಒಳಗೆ ನಡೆಯುತ್ತಿದ್ದರು. ಒಳಗೆ ಅಂದರೆ ಹೊಸ್ತಿಲಿನ ತನಕ.

ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕುಳಿತಾಗ ಕೇಳಿದೆ: "ಯಾಕೆ ಬರ್ತೀರಿ ಕಾಕಾ? ನಿಮ್ಮನ್ನು ಬೀದಿಗೆ ಹಾಕಿದವರ ಕೆಲಸ ನೀವು ಯಾಕೆ ಮಾಡಬೇಕು?" ಆಗ ನನಗೆ ಇಂಥ ಪ್ರಶ್ನೆ ಕೇಳುವ ಚಟ ಇತ್ತು. ಯಾರು ಒಳ್ಳೆಯದು ಮಾಡಿದರೂ ಅದರ ಹಿಂದಿನ ಲಾಭ ಹುಡುಕುತ್ತಿದ್ದೆ. ಅವರು ಹಳಿಯ ಕಡೆ ನೋಡುತ್ತ ಹೇಳಿದರು:

"ನಾ ಬರ್ಲಿಲ್ಲಂದ್ರ ಇವರು ಆ ಪಟ್ಟಿ ನೋಡಿ ಬರೀತಾರ. ಅದು ಇನ್ನಾ ಅಲ್ಲೇ ಗ್ವಾಡಿಗಿ ಅದ ಅಲ್ಲೇನ್ರಿ."

ಅಷ್ಟೇ. ಇದರಲ್ಲಿ ನಾನು ಲಾಭ ಹುಡುಕಿದೆ, ಬಹಳ ದಿನ. ಸಿಗಲಿಲ್ಲ.

ಮೇಲ್ಮನವಿ ಗೆದ್ದದ್ದು ಒಂದು ಹಳೆಯ ಕ್ಯಾಲೆಂಡರಿನಿಂದ. ಫಸಲಿ ತಿಂಗಳೂ ಇಂಗ್ಲಿಷ್ ತಿಂಗಳೂ ಅಕ್ಕಪಕ್ಕ ಅಚ್ಚಾಗಿದ್ದ ಒಂದು ಪ್ರತಿ ನಾಲವಾರದ ವ್ಯಾಪಾರಿಯೊಬ್ಬರ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದನ್ನು ಹುಡುಕಿದ್ದು ನಾನೇ ಎಂದು ಒಂದೆರಡು ಕಡೆ ಹೇಳಿಕೊಂಡಿದ್ದೇನೆ. ಹುಡುಕಿದ್ದು ಅವರ ವಕೀಲರು. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಅಷ್ಟು ನಿಜ. ನೆನಪು ಹೀಗೆ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತದೆ. ಮೇಲಿನ ನ್ಯಾಯಾಲಯ ಆ ಕ್ಯಾಲೆಂಡರ್ ನೋಡಿ, ಪಟ್ಟಿಯೇ ತಪ್ಪು, ಬೆರಳು ಸರಿ ಎಂಬ ಅರ್ಥದ ತೀರ್ಪು ಕೊಟ್ಟಿತು. ಖುಲಾಸೆಯಾಯಿತು. ಕೆಲವೇ ದಿನಗಳಲ್ಲಿ ಮರಳಿ ಸೇವೆಗೆ ತೆಗೆದುಕೊಳ್ಳುವ ಆದೇಶವೂ ಬಂತು.

ತೀರ್ಪಿನ ಪ್ರತಿ ಕೈಗೆ ಬಂದ ದಿನ ಏನಾಯಿತು ಎಂಬುದನ್ನು ಅವರ ಹೆಂಡತಿ ಐನಾಪುರದಲ್ಲಿ, ಆ ಶಿವಗಣಾರಾಧನೆಯ ದಿನವೇ ಹೇಳಿದರು. ಆ ತಾಯಿಯ ಮಾತನ್ನು ನಾನು ಅಲ್ಲೇ ಚೀಟಿಯಲ್ಲಿ ಬರೆದುಕೊಂಡೆ, ಆದ್ದರಿಂದ ಇದರ ಬಗ್ಗೆ ಧೈರ್ಯವಿದೆ.

"ಬಿಡುಗಡಿ ಆಯ್ತಂತ ನಾ ಓಣಿಗೆಲ್ಲಾ ಸಕ್ರಿ ಹಂಚ್ಲಿಕ್ಕ ಹೋಗಿದ್ನಿ. ಬಂದು ನೋಡ್ತೀನಿ, ತಾಟಿಗಿ ಹಾಕಿದ ರೊಟ್ಟಿ ಹಂಗೇ ಅದ. ತಮ್ಮ ವಹಿ ಬಿಚ್ಚಿಕೊಂಡು ಕುಂತಾರ. ಮಾರಿ ಸಣ್ಣ ಆಗ್ಯಾದ. ಯಾಕ್ರಿ, ಗೆದ್ದೀವಲ್ಲ ಅಂದ್ನಿ. 'ಅಂಬವ್ವನ ಹೊಲ ನಾ ಕಳದೀನಿ' ಅಂದ್ರು. ಅಂಬವ್ವ ಯಾರು ಅಂತ ನನಗೇನ್ ಗೊತ್ರಿ ಯಪ್ಪಾ?"

ಹೊಸ್ತಿಲಿನಲ್ಲಿ ಕುಳಿತು ಓದಿದ ಒಂದೊಂದು ನಮೂದನ್ನೂ ಅವರು ಸ್ವಂತಕ್ಕೆ ಒಂದು ವಹಿಯಲ್ಲಿ ಬರೆದಿಡುತ್ತಿದ್ದರು: ಯಾರಿಗೆ, ಯಾವ ಪುಟ, ಯಾವ ತಿಂಗಳು, ತಾನು ಹೇಳಿದ ಇಸವಿ ಯಾವುದು. ತೀರ್ಪು ಬಂದ ದಿನ ತಾನು ಗೆದ್ದೆನೆಂಬ ಸಾಲನ್ನು ಓದಿ, ಮುಂದಕ್ಕೆ ತಿಂಗಳುಗಳ ಬಗ್ಗೆ ಇದ್ದ ಭಾಗವನ್ನು ಓದಿ, ಆ ವಹಿ ತೆಗೆದು ಮೊದಲ ಪುಟದಿಂದ ತಾಳೆ ನೋಡಲು ಕುಳಿತರು. ತಪ್ಪು ಸಿಕ್ಕಿದ್ದು ಮೊದಲ ಪುಟದಲ್ಲೇ.

ಅಂಬವ್ವ ಕಾಗಿಣಾ ದಂಡೆಯ ಹಳ್ಳಿಯವಳು. ಹಿಂದೆ ಅವರ ಮನೆಯವರು ಹರಿಗೋಲು ಹಾಕುತ್ತಿದ್ದರು. ಸೇತುವೆಯಾದ ಮೇಲೆ ದಂಡೆಯ ಒಂದು ತುಂಡು ಹೊಲವೇ ಆಧಾರ. ಅದರ ಮೇಲೆ ಬೇರೊಬ್ಬರು ಹಕ್ಕು ಹೇಳಿದಾಗ ಆಕೆ ಮಾವನ ಹೆಸರಿನ ನಮೂದು ಹುಡುಕಿಕೊಂಡು ಬಂದಳು. ವಜಾ ಆದ ಮೇಲೆ ಕಾಕಾ ಓದಿದ ಮೊದಲ ನಮೂದು ಅದು. ತಿಂಗಳು ಆಜೂರ. ಕಿರುಬೆರಳಿನ ಮೊದಲ ಗೆಣ್ಣು. ತೊಂಬತ್ತು ಅನ್ನಬೇಕಾದಲ್ಲಿ ಅವರು ತೊಂಬತ್ತೊಂದು ಅಂದರು. ಆ ಒಂದು ವರ್ಷದಿಂದ ಎದುರಿನವರ ಕಾಗದ ಆಕೆಯದಕ್ಕಿಂತ ಹಳೆಯದಾಯಿತು. ಆಕೆ ಸೋತು, ತನ್ನದೇ ಹೊಲದ ಪಕ್ಕದ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು.

ಅವರು ಹೇಗೆ ತಪ್ಪಿದರು? ಇದನ್ನು ನಾನು ಅವರನ್ನೇ ಕೇಳಿದ್ದೇನೆ. ನೌಕರಿಗೆ ವಾಪಸಾದ ಮೇಲೆ, ಬಹುಶಃ ಅದೇ ವಾಡಿ ಸ್ಟೇಷನ್ನಿನಲ್ಲಿ. ಅವರ ದನಿ ಕೇಳಿಸುತ್ತದೆ; ಜಾಗ ಮಾತ್ರ ಖಚಿತವಿಲ್ಲ.

"ಅಷ್ಟು ಮಂದಿ ಕೂಡಿ ನಕ್ಕಿದ್ರಲ್ಲ ಕೋರ್ಟಿನಾಗ. ಮನಿಗಿ ಬಂದು ಬೆರಳು ನೋಡಿಕೊಂಡು ಕುಂದರ್ತಿದ್ದೆ. ಅಪ್ಪ ತಪ್ಪು ಹೇಳಿಕೊಟ್ಟಾನೇನೋ ಅನಸ್ತಿತ್ತು. ಅವತ್ತು ಆ ಮುದುಕಿ ಬಂದಾಗ ಕಿರುಬೆರಳು ಮಡಚೀನಿ. ಮಡಚಿ, ಬಾಗಲಾಗಿಂದ ಗ್ವಾಡಿಗಿ ಇರೋ ಪಟ್ಟಿ ನೋಡೀನಿ. ಕೋರ್ಟೇ ಒಪ್ಪ್ಯಾದ, ನಾ ಯಾವ ದೊಡ್ಡಾವ ಅಂತ ಪಟ್ಟೀದೇ ಹೇಳೀನಿ. ಒಂದೇ ಸಲ. ಮುಂದಿನ ವಾರ ಮತ್ತ ಬೆರಳಿಗೇ ಬಂದೆ. ಆದ್ರ ಹಿಂದಿಂದು ತಿದ್ದಬೇಕಂತ ತಲಿಗಿ ಬರ್ಲಿಲ್ಲ ನೋಡ್ರಿ."

ಅನುಮಾನಪಡುವುದನ್ನೇ ವಿದ್ಯೆ ಎಂದು ತಿಳಿದವನು ನಾನು. ಒಬ್ಬ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ತನ್ನ ಮೇಲೆ ತಾನು ಅನುಮಾನಪಟ್ಟದ್ದಕ್ಕೆ ಇನ್ನೊಬ್ಬರ ಹೊಲ ಹೋಗಿತ್ತು.

ಇನ್ನು ಆ ದಿನ. ದಸ್ತಗೀರ್ ಹೇಳಿದ್ದು ಮತ್ತು ನಾನು ಕಂಡದ್ದು, ಅಥವಾ ಕಂಡೆನೆಂದುಕೊಂಡದ್ದು, ಎರಡನ್ನೂ ಬೆರೆಸಿ ಬರೆಯುತ್ತಿದ್ದೇನೆ. ಬೇರ್ಪಡಿಸಲು ಈಗ ನನ್ನಿಂದಾಗದು.

ಕಾಕಾ ಹೊಸ್ತಿಲಿನ ಹೊರಗೆ ನಿಂತಿದ್ದಾರೆ. ಹುಬ್ಬಿನಲ್ಲಿ ಕಲ್ಲಿನ ಪುಡಿ ಇಲ್ಲ. ಕೈಯಲ್ಲಿ ಎರಡು ಕಾಗದ.

"ಬರ್ರಿ ಕಾಕಾ, ಇವತ್ತ ಯಾರ್ದೂ ಅಡ್ಡಿ ಇಲ್ಲ" ಎಂದು ದಸ್ತಗೀರ್ ಹಾರ ಎತ್ತಿದ.

"ತಡಿಯೋ."

ತಹಶೀಲ್ದಾರರು ಹೊರಗೆ ಬಂದರು. ದಕ್ಷಿಣದ ಕಡೆಯಿಂದ ಬಂದ ಹೆಣ್ಣುಮಗಳು, ಆ ಕಚೇರಿಗೆ ಹೊಸಬರು. ಪತ್ರ ಓದಿದರು. ಮತ್ತೊಮ್ಮೆ ಓದಿದರು.

"ಇದನ್ನ ಇವತ್ತೇ ಕೊಡಬೇಕಾ? ಇದು ನನ್ನ ಕೈಗೆ ಬಂದ ಮೇಲೆ ನಾನು ಮೇಲಕ್ಕೆ ಕಳಿಸಲೇಬೇಕು. ವಜಾ ಆದವರು ಇಲ್ಲಿ ಕೂತು ದಾಖಲೆ ಓದ್ತಿದ್ರು ಅನ್ನೋದೂ ಹೊರಗೆ ಬರುತ್ತೆ. ಮತ್ತೆ ವಿಚಾರಣೆ ಅಂದ್ರೆ ಏನು ಅಂತ ನಿಮಗೇ ಗೊತ್ತು."

"ಗೊತ್ತದ್ರಿ."

"ನಿಮ್ಮ ಸರ್ವೀಸ್ ಉಳಿದಿರೋದೇ ಎರಡು ವರ್ಷ. ಒಂದಿಷ್ಟು ದಿನ ಹೋಗಲಿ."

"ಅಂಬವ್ವಗ ಅಷ್ಟೂ ಟೈಮ್ ಇಲ್ರಿ ಮೇಡಂ. ಎಂಬತ್ತರ ಹತ್ರ ಬಂದಾಳ."

ಪಕ್ಕದಲ್ಲಿ ನಿಂತಿದ್ದ ಶಿರಸ್ತೇದಾರರು ಅವರ ತೋಳು ಹಿಡಿದು ಗೋಡೆಯ ಕಡೆಗೆ ಎಳೆದರು. ಆ ನಕಲಿನ ಮೇಲಿದ್ದ ಸಹಿ ಅವರದು.

"ಹುಚ್ಚ ಹಿಡದದೇನ್ರಿ ನಿಮಗ? ನನಗ ಯಾಕ ಮುಳಗಸ್ತೀರಿ? ಆ ಮುದುಕಿಗಿ ತಪ್ಪಾಗ್ಯಾದ ಅಂತೇ ಗೊತ್ತಿಲ್ಲ!"

"ನನಗ ಗೊತ್ತಾಗ್ಯಾದಲ್ರಿ. ಓದಿದವ ನಾ, ಇಸವಿ ಹೇಳಿದವ ನಾ ಅಂತ ಸ್ವಚ್ಛ ಬರದೀನಿ. ನೀವು ಕೇಳಿದ್ದು ಬರದೀರಿ, ಅಷ್ಟ. ನೀವೂ ಒಮ್ಮಿ ಓದಿ ನೋಡ್ರಿ."

ಇಲ್ಲಿಗೆ ನನ್ನ ನೆನಪು ಎರಡಾಗಿ ಒಡೆಯುತ್ತದೆ. ಒಂದರಲ್ಲಿ ಅವರು ಮೊದಲು ಕರ್ತವ್ಯಕ್ಕೆ ಹಾಜರಾದ ವರದಿ ಕೊಟ್ಟು, ಅದಕ್ಕೆ ಮುದ್ರೆ ಬಿದ್ದ ಮೇಲೆ ಎರಡನೆಯ ಕಾಗದ ಮುಂದಿಟ್ಟರು. ಹಾಗಾದರೆ ಅವರು ಆಗಲೇ ನೌಕರರು. ವಿಚಾರಣೆ ನಡೆಸಬಹುದು, ಬಾಗಿಲು ಮುಚ್ಚಲಾಗದು. ಇನ್ನೊಂದರಲ್ಲಿ ಮೊದಲು ಕೊಟ್ಟದ್ದು ತಪ್ಪಿನ ಪತ್ರ. ಇದನ್ನು ಓದಿಯೂ ನನ್ನನ್ನು ಒಳಗೆ ಕರೆಯುವುದಾದರೆ ಕರೆಯಿರಿ, ಇಲ್ಲವಾದರೆ ಇಲ್ಲಿಂದಲೇ ಶಹಾಬಾದಿನ ಗಾಡಿ ಹಿಡಿಯುತ್ತೇನೆ ಎಂಬಂತೆ. ಎರಡನೆಯದು ನನಗೆ ಬಹಳ ಚಂದ ಕಾಣುತ್ತದೆ. ಅದಕ್ಕೇ ಅದನ್ನು ನಂಬಲು ಹೆದರಿಕೆ. ಸತ್ತವರ ಬಗ್ಗೆ ನೆನಪು ಯಾವಾಗಲೂ ಚಂದದ ಕಡೆಗೇ ವಾಲುತ್ತದೆ.

ಮುಂದಿನದು ಎಲ್ಲರಿಗೂ ಗೊತ್ತು. ಪತ್ರ ಮೇಲಕ್ಕೆ ಹೋಯಿತು. ಶಿರಸ್ತೇದಾರರಿಗೆ ಒಂದು ನೋಟಿಸು ಬಂತು. ಅವರ ಸಿಟ್ಟು ಬೇವಿನ ಮರದ ಕೆಳಗಿನ ತನಕ ಉಳಿದದ್ದು ಅದಕ್ಕೇ; ಆದರೂ ಅವರು ಅಷ್ಟು ದೂರ ಪ್ರಸಾದಕ್ಕೆ ಬಂದಿದ್ದರು ಎಂಬುದನ್ನೂ ಬರೆಯಬೇಕು. ಕಾಕಾ ಕೆಲವು ತಿಂಗಳು ವಿಚಾರಣೆಗೆ ಓಡಾಡಿದರು. ಕೊನೆಗೆ ನಕಲು ತಿದ್ದಿ ಕೊಡಲು ಅಪ್ಪಣೆಯಾಯಿತು. ಗೋಡೆಯ ಪಟ್ಟಿಯನ್ನು ಇಳಿಸಲು ಅವರು ಬೇರೆಯದೇ ಅರ್ಜಿ ಹಾಕಿ, ಲಿಖಿತ ಅನುಮತಿ ಬರುವ ತನಕ ಅದರ ಕೆಳಗೇ ಕುಳಿತು ಕೆಲಸ ಮಾಡಿದರು.

ತಿದ್ದಿದ ನಕಲನ್ನು ಅಂಬವ್ವನಿಗೆ ತಲುಪಿಸಲು ತಾವೇ ಹೋದರು. ಜೊತೆಗೆ ಹೋದವನು ದಸ್ತಗೀರ್. ಮುದುಕಿ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳಂತೆ. ಇವರು ನಿಂತೇ ಎಲ್ಲ ಹೇಳಿದರು: ತಪ್ಪು ತನ್ನದು, ಒಂದು ವರ್ಷ ಹೆಚ್ಚು ಹೇಳಿದ್ದೆ. ಆಕೆ ಮೊರ ಕೆಳಗಿಟ್ಟಳು.

"ಇಷ್ಟು ವರ್ಷ ಎಲ್ಲಿ ಸತ್ತಿದ್ದ್ಯೋ ಮೂಳಾ? ಮಂದಿ ಹೊಲದಾಗ ಬಗ್ಗಿ ಬಗ್ಗಿ ನನ್ನ ನಡಾ ಮುರೀತು!"

ಕಾಕಾ ತಲೆ ತಗ್ಗಿಸಿ ನಿಂತಿದ್ದರು. ಬೈಯುವುದು ಮುಗಿಯುವ ತನಕ ಅಲುಗಲಿಲ್ಲ. ಅದು ಬೇಗ ಮುಗಿಯಲೂ ಇಲ್ಲ. ಆಮೇಲೆ ಆಕೆ ಒಳಗೆ ಹೋಗಿ ಎರಡು ಚರಿಗೆ ಮಜ್ಜಿಗೆ ತಂದಳು. ಯಾರ ಮನೆಯ ಚಹಾ ಕೂಡ ಮುಟ್ಟದ ಮನುಷ್ಯ ಅವತ್ತು ಅದನ್ನು ಎರಡೂ ಕೈಯಿಂದ ಹಿಡಿದು ಕುಡಿದರು ಎಂದು ದಸ್ತಗೀರ್ ಹೇಳುತ್ತಾನೆ. ಹೊಲ ಆಕೆಗೆ ಮರಳಿತು. ಒಂದು ಮುಂಗಾರಿನಲ್ಲಿ ತಾನೇ ನಿಂತು ಬಿತ್ತಿಸಿದಳು. ಮರು ಮುಂಗಾರಿಗೆ ಆಕೆ ಇರಲಿಲ್ಲ.

ಐನಾಪುರದಿಂದ ಬಂದ ಮೇಲೆ ನನಗೆ ಸಮಾಧಾನವಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಬೇವಿನ ಮರದ ಕೆಳಗಿನ ಆ ಮಾತು ಕೇಳಿಸುತ್ತಿತ್ತು. ಪತ್ರ ಕೊಟ್ಟದ್ದು ಕಾಕಾ ನೌಕರಿಗೆ ಮರಳಿದ ದಿನವೇ ಎಂದು ದಸ್ತಗೀರ್ ಹೇಳುತ್ತಿದ್ದ; ಆದರೆ ಅವನೂ ನನ್ನ ಹಾಗೆ ಅವರನ್ನು ಮೆಚ್ಚಿದವನೇ. ಶಿರಸ್ತೇದಾರರು ಹೇಳಿದ್ದು ನಿಜವಾಗಿದ್ದರೆ, ನಾನು ಇಷ್ಟು ವರ್ಷ ಬೆರಗಿನಿಂದ ನೋಡಿದ್ದು ನಾನೇ ಕಟ್ಟಿದ ಒಂದು ಗೊಂಬೆ. ಕೊನೆಗೆ ಅವರ ಮಾತೇ ನೆನಪಾಯಿತು: ಬಾಯಿಮಾತು ಬಿಡು, ಪುಟ ತೆಗಿ.

ಅರ್ಜಿ ಕೊಟ್ಟೆ. ಎರಡು ಸಲ ಓಡಾಡಿಸಿದರು. ಮೂರನೆಯ ಸಲ ದಸ್ತಗೀರನೇ ಆ ವರ್ಷದ ಇನ್‌ವರ್ಡ್ ರಿಜಿಸ್ಟರನ್ನು ಹುಡುಕಿ ತಂದು ಮೇಜಿನ ಮೇಲೆ ಇಟ್ಟ. ಕಚೇರಿಗೆ ಬಂದ ಒಂದೊಂದು ಕಾಗದವನ್ನೂ ಕೈಗೆ ಬಂದ ಕೂಡಲೇ, ಬಂದ ಕ್ರಮದಲ್ಲೇ ನಂಬರು ಹಾಕಿ ಬರೆಯುವ ವಹಿ ಅದು. ಹಾಳೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ನಾನು ಬೆರಳು ಬಾಯಿಗೆ ಒಯ್ದದ್ದನ್ನು ನೋಡಿ ದಸ್ತಗೀರ್ ತಲೆಯಾಡಿಸಿ, ಮೂಲೆಯ ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ಕೊಟ್ಟ.

ಅವತ್ತು ಮಳೆ ಬಂದಿತ್ತೋ ಇಲ್ಲವೋ, ನಾನು ಅಲ್ಲಿದ್ದೆನೋ ಇಲ್ಲವೋ ಆ ವಹಿ ಹೇಳಲಿಲ್ಲ. ಅವರು ನೌಕರಿಗೆ ಮರಳಿದ ದಿನದ ಪುಟದಲ್ಲಿ, ಒಂದೇ ತಾರೀಖಿನ ಕೆಳಗೆ ಒಂದರ ಹಿಂದೆ ಒಂದು ಎರಡು ಸಾಲುಗಳಿದ್ದವು. ನಾಲ್ಕುನೂರ ಹನ್ನೊಂದು: ನಕಲಿನಲ್ಲಿ ಇಸವಿ ತಪ್ಪಾದ ಬಗ್ಗೆ ಪತ್ರ. ನಾಲ್ಕುನೂರ ಹನ್ನೆರಡು: ಕರ್ತವ್ಯಕ್ಕೆ ಹಾಜರಾದ ವರದಿ.